ಕೆಂಪು ಬಿಲ್ಲೆ ಮಾಬುಬಿಯದು

ದಾವಣಗೆರೆ ಸ್ಟೇಷನ್

ನಾನು ಸಿಲೋನಿಗೆ ಹೋಗಿಬಂದವನೆಂದು ಗೊತ್ತಾದರೆ ನಮ್ಮೂರಿನಲ್ಲಿ ಹತ್ತರಲ್ಲಿ ಎಂಟು ಮಂದಿ ಮೊದಲು ಕೇಳುವುದು ರಾವಣನ ಸಮಾಚಾರ. ಉಳಿದಿಬ್ಬರು ಅಲ್ಲಿಯ ರೇಡಿಯೊ ಸ್ಟೇಷನ್ ನೋಡಿದಿರಾ ಎನ್ನುತ್ತಾರೆ. ನಾನು ಎರಡನ್ನೂ ನೋಡಲಿಲ್ಲ. ನಾನು ಹೋದದ್ದು ಮಕ್ಕಳ ಒಂದು ಚಿತ್ರದ ಹಿಂದೆ. ಅದು ಗೋಡೆಗೆ ಏರಿದ್ದನ್ನೂ ಇಳಿದದ್ದನ್ನೂ ನೋಡಿ ಬಂದೆ.

ಆಗ ನಾನು ದಾವಣಗೆರೆಯ ಒಂದು ಮಿಡ್ಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಸಿಲೋನಿಗೆ ಹಡಗು ಹೊರಡುತ್ತಿದ್ದ ಧನುಷ್ಕೋಟಿಯನ್ನು ಸಮುದ್ರ ನುಂಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ಸುತ್ತಲಿನ ದೇಶಗಳ ಮಕ್ಕಳ ಚಿತ್ರಗಳನ್ನೆಲ್ಲ ಸಿಲೋನಿನ ಕ್ಯಾಂಡಿ ಎಂಬ ಊರಿನಲ್ಲಿ ಪ್ರದರ್ಶನಕ್ಕಿಡುತ್ತಾರೆಂದೂ, ಚಿತ್ರ ಆಯ್ಕೆಯಾದ ಮಗು ಸ್ವಂತ ಖರ್ಚಿನಲ್ಲಿ ಅಲ್ಲಿಗೆ ಹೋಗಬೇಕಾಗುತ್ತದೆಂದೂ ಸುತ್ತೋಲೆ ಬಂತು. ನಮ್ಮ ಶಾಲೆಯಿಂದ 'ಮಂಡಕ್ಕಿ ಭಟ್ಟಿ' ಎಂಬ ಚಿತ್ರ ಕಳಿಸಿದೆ. ಕಾದ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡುವ ಒಲೆ, ಹೊಗೆ, ಜರಡಿ ಹಿಡಿದ ಹೆಂಗಸರು, ಮೂಲೆಯಲ್ಲಿ ಹೊಟ್ಟಿನ ರಾಶಿ. ಎರಡು ತಿಂಗಳಾದ ಮೇಲೆ ಚಿತ್ರ ಆಯ್ಕೆಯಾಗಿದೆ, ಬರೆದ ಮಗುವನ್ನು ಕರೆದುಕೊಂಡು ಮೇ ತಿಂಗಳಲ್ಲಿ ಬನ್ನಿ, ಒಂದು ವಾರ ಎಲ್ಲ ದೇಶದ ಮಕ್ಕಳೂ ಒಟ್ಟಿಗೆ ಕೂತು ಚಿತ್ರ ಬರೆಯಲಿ ಎಂದು ಪತ್ರ ಬಂತು. ಬಹುಮಾನ ಪಡೆದ ಚಿತ್ರ ಮುಂದೆ ಬೇರೆ ದೇಶಗಳಿಗೂ ಹೋಗುತ್ತದೆ ಎಂದೂ ಇತ್ತು.

'ಬರೆದ ಮಗು' ಎಂಬ ಮಾತಿನಲ್ಲಿಯೇ ತೊಡಕಿತ್ತು. ನಮ್ಮ ಶಾಲೆಗಿದ್ದದ್ದು ಒಂದೇ ಬಣ್ಣದ ಪೆಟ್ಟಿಗೆ, ಅದರಲ್ಲಿ ಹನ್ನೆರಡು ಬಿಲ್ಲೆ. ಪೆಟ್ಟಿಗೆಯನ್ನು ಇಟ್ಟಲ್ಲೇ ಇಟ್ಟರೆ ಜಗಳ, ಹಂಚಿದರೆ ಚೂರು. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ಜೂನ್ ತಿಂಗಳಲ್ಲಿ ಹನ್ನೆರಡು ಮಕ್ಕಳಿಗೆ ಒಂದೊಂದು ಬಿಲ್ಲೆ ಕೊಡುವುದು; ವರ್ಷವಿಡೀ ಆ ಬಣ್ಣ ಆ ಮಗುವಿನದು. ಅದನ್ನು ಜೋಪಾನ ಮಾಡುವವರೂ ಹಚ್ಚುವವರೂ ಅವರೇ. ಹೀಗಾಗಿ ನಮ್ಮಲ್ಲಿ ಚಿತ್ರ ಒಬ್ಬರ ಕೈಯಲ್ಲಿ ಮುಗಿಯುತ್ತಿರಲಿಲ್ಲ. ಭಟ್ಟಿಯ ಚಿತ್ರಕ್ಕೆ ಕೈ ಹಾಕಿದವರು ನಾಲ್ವರು. ಹತ್ತಿ ಮಂಡಿಯ ಸಾಹುಕಾರರ ಮಗಳು ನಾಗರತ್ನನ ಹತ್ತಿರ ಕಪ್ಪು ಇತ್ತು, ಆದ್ದರಿಂದ ಗೆರೆಗಳೆಲ್ಲ ಅವಳವು. ಕುಕ್ಕುವಾಡದಿಂದ ಬರುತ್ತಿದ್ದ ಬಸವರಾಜ ಹಳದಿ, ಆನಗೋಡಿನ ಶಾಂತ ಕಂದು. ಕೆಂಪು ಮಾಬುಬಿಯದು. ಅವಳ ಮನೆಯದೇ ಮಂಡಕ್ಕಿ ಭಟ್ಟಿ. ಹೊಟ್ಟಿನ ಬೆಂಕಿಗೆ ನಾಲಗೆ ಇರುವುದಿಲ್ಲ, ಅದು ಒಳಗೊಳಗೇ ಕೆಂಪೇರಿ ಕಪ್ಪಾಗಿ ಮತ್ತೆ ಕೆಂಪೇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಅರ್ಜಿಯಲ್ಲಿ ಹೆಸರಿಗೆ ಒಂದೇ ಗೆರೆ ಇತ್ತು. ನಾನು ನಾಗರತ್ನ ಎಂದು ಬರೆದೆ. ಗೆರೆ ಹಾಕಿದವಳು ಅವಳಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಮಗಳನ್ನು ಪರದೇಶಕ್ಕೆ ಕಳಿಸುವ ಖರ್ಚು ಹೊರುವ ಮನೆ ಅವರದೊಂದೇ ಎಂಬುದನ್ನು ಹೇಳಿಕೊಳ್ಳಲಿಲ್ಲ. ಉಳಿದ ಮಕ್ಕಳಿಗೆ, ಶಾಲೆಯ ಪರವಾಗಿ ಚಿತ್ರ ಹೋಗಿದೆ ಎಂದಷ್ಟೇ ಹೇಳಿದೆ.

ಹೊರಡುವ ದಿನ ಮಾಬುಬಿ ಸ್ಟೇಷನ್ನಿಗೆ ಬಂದಳು. ಕೈಯಲ್ಲಿ ಒಂದು ಚೀಲ ಮಂಡಕ್ಕಿ.

"ಅಮ್ಮ ಕೊಟ್ಟಾಳ್ರಿ. ದಾರಿಗೆ."

"ಇಷ್ಟೊಂದು ಯಾಕ?"

"ಹಗುರ ಐತಲ್ರಿ," ಎಂದಳು. ಆಮೇಲೆ, "ಗೋಡೆ ಮ್ಯಾಲೆ ನಮ್ಮ ಬೆಂಕಿ ಹೆಂಗೆ ಕಾಣ್ತೈತೆ ನೋಡ್ಕೊಂಡು ಬರ್ರಿ ಮೇಷ್ಟ್ರೇ. ಬಂದು ಹೇಳ್ರಿ," ಎಂದಳು.

ಹೇಳ್ತೀನಿ ಎಂದೆ. ಅಷ್ಟರಲ್ಲಿ ಹರಿಹರದ ಕಡೆಯಿಂದ ರೈಲು ಬಂತು. ಕಿಟಕಿಯಲ್ಲಿ ನಾಗರತ್ನನ ದೊಡ್ಡಮ್ಮ ಗೌರಮ್ಮ ಕೈಬೀಸುತ್ತಿದ್ದರು. ಹೆಣ್ಣುಮಗಳನ್ನು ಬರೀ ಮೇಷ್ಟ್ರ ಜೊತೆ ಕಳಿಸುವುದುಂಟೇ ಎಂದು ಮನೆಯವರು ಅವರನ್ನು ಗೊತ್ತುಮಾಡಿದ್ದರು. ಹರಿಹರದಲ್ಲಿಯೇ ಹತ್ತಿ, ಬೆಂಚಿನ ಮೇಲೆ ಮೂರು ಗಂಟು ಇಟ್ಟು, ಮೂರು ಜನರ ಜಾಗ ಹಿಡಿದಿದ್ದರು.

ಧನುಷ್ಕೋಟಿ

ಗೌರಮ್ಮನವರ ಗಂಟಿನಲ್ಲಿ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ವಿಭೂತಿ ಗಟ್ಟಿ ಇದ್ದವು. ಸುಂಕದ ಅಧಿಕಾರಿ ತಮಿಳಿನವನು. ವಿಭೂತಿಯನ್ನು ಕಂಡದ್ದೇ ಕಣ್ಣಿಗೊತ್ತಿಕೊಂಡು ಚಿಟಿಕೆ ಹಣೆಗೆ ಹಚ್ಚಿಕೊಂಡ. ಅವನನ್ನು ತಡೆದು ನಿಲ್ಲಿಸಿದ್ದು ರೊಟ್ಟಿ. ಒಂದನ್ನು ತೆಗೆದು ಪೆನ್ಸಿಲಿನಿಂದ ತಟ್ಟಿದ, ಬೆಳಕಿಗೆ ಹಿಡಿದ, ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದ. ರೊಟ್ಟಿ ಎಂದೆ. ನಂಬಲಿಲ್ಲ. ಗೌರಮ್ಮನವರು ಅವನ ಕೈಯಿಂದಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಅವನ ಎದುರಿಗೇ ಕರಕರ ಅಗಿದು ತೋರಿಸಿದರು. ಉಳಿದ ಅರ್ಧವನ್ನು ಅವನು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡ. ಪುರಾವೆಗೋ ಹಸಿವೆಗೋ ಗೊತ್ತಾಗಲಿಲ್ಲ.

ಹಡಗು ಹೊರಡುವುದು ತಡವಾಯಿತು. ಏಕೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಈ ವಿಷಯದಲ್ಲಿ ಸಮುದ್ರಕ್ಕೂ ನಮ್ಮ ಬಸ್ ಸ್ಟ್ಯಾಂಡಿಗೂ ಅಂಥ ವ್ಯತ್ಯಾಸವಿಲ್ಲ. ತಡವಾದ್ದರಿಂದ ನಡುನೀರಿನಲ್ಲಿರುವಾಗಲೇ ಸೂರ್ಯ ಕೆಂಪೇರಿ ಇಳಿಯತೊಡಗಿದ. ಗೌರಮ್ಮನವರು ಹರಿಹರದಲ್ಲಿ ಹುಟ್ಟಿ, ಹರಿಹರಕ್ಕೇ ಸೊಸೆಯಾದವರು. ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದ್ದರು, ಸೇತುವೆಯ ಮೇಲೂ ದಾಟಿದ್ದರು. ಈ ನೀರನ್ನು ಬಹಳ ಹೊತ್ತು ನೋಡಿ, "ಆಚೆ ದಂಡೆ ಕಾಣಂಗಿಲ್ಲ ಅಂದ್ರೆ ಇದೆಂಥ ಹೊಳೆ," ಎಂದು ಅದಕ್ಕೆ ಬೆನ್ನು ಹಾಕಿ ಕೂತರು.

ನಾಗರತ್ನ ಕೂರಲಿಲ್ಲ. ಹದಿಮೂರು ವರ್ಷದ ಹುಡುಗಿ, ಮಾತು ಕಡಿಮೆ. ಕಂಬಿ ಹಿಡಿದು, ಸೂರ್ಯ ಪೂರ್ತಿ ನೀರಿಗೆ ಇಳಿಯುವ ತನಕ ನಿಂತಳು. ಆಮೇಲೆ ನನ್ನ ಹತ್ತಿರ ಬಂದು, "ಮಾಬುಬಿ ಇರಬೇಕಿತ್ರಿ ಮೇಷ್ಟ್ರೇ," ಎಂದಳು.

ಚಳಿಗಾಳಿ ಬೀಸುತ್ತೆ, ಒಳಗೆ ಹೋಗು ಎಂದೆ. ಮೇ ತಿಂಗಳಲ್ಲಿ ಅಲ್ಲಿ ಎಂಥ ಚಳಿಗಾಳಿ.

ಕ್ಯಾಂಡಿ, ಪಿಯದಾಸರ ಮನೆ

ನಮಗೆ ಮನೆ ಕೊಟ್ಟವರು ಪಿಯದಾಸ ಎಂಬ ಅಲ್ಲಿಯ ಡ್ರಾಯಿಂಗ್ ಮೇಷ್ಟ್ರು. ನನ್ನಷ್ಟೇ ವಯಸ್ಸು, ನನ್ನಷ್ಟೇ ಇಂಗ್ಲಿಷು. ಆದ್ದರಿಂದ ಇಬ್ಬರಿಗೂ ಅರ್ಥವಾಗುತ್ತಿತ್ತು.

ಅವರ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ. ಕಪ್ಪು ಚಹಾ ಒಂದು ಕೈಗೆ, ಬೆಲ್ಲದ ತುಂಡು ಇನ್ನೊಂದು ಅಂಗೈಗೆ. ಒಂದು ಗುಟುಕು, ಒಂದು ಕಡಿತ. ನಾನು ಮೊದಲ ದಿನ ಬೆಲ್ಲವನ್ನು ಚಹಾದೊಳಗೆ ಹಾಕಿ ಬೆರಳಿನಿಂದ ಕಲಕಿದೆ. ಮನೆಯವರೆಲ್ಲ ಬಹಳ ಮರ್ಯಾದೆಯಿಂದ ಬೇರೆ ಕಡೆ ನೋಡಿದರು. ಗೌರಮ್ಮನವರು ಮಾತ್ರ ಮೊದಲ ಸಲಕ್ಕೇ ಸರಿಯಾಗಿ ಕುಡಿದರು. ನಮ್ಮ ಮನೆಗಳಲ್ಲಿ ಬಿಸಿಲಿನಿಂದ ಬಂದವರಿಗೆ ನೀರಿನ ಜೊತೆ ಬೆಲ್ಲ ಕೊಡುವುದಿಲ್ಲವೇ, ಅದೇ ಇದು ಎಂದರು.

ಊಟಕ್ಕೆ ಅಕ್ಕಿಯ ಶಾವಿಗೆ, ತೆಂಗಿನಕಾಯಿಯ ಕೆಂಪು ಚಟ್ನಿ. ನಾವು ಮಾಂಸ ಮೀನು ಮುಟ್ಟುವವರಲ್ಲ ಎಂದು ಮೊದಲೇ ಬರೆದು ತಿಳಿಸಿದ್ದೆ. ಚಟ್ನಿ ರುಚಿಯಾಗಿದೆ ಎಂದು ಎರಡನೆಯ ಸಲ ಹಾಕಿಸಿಕೊಂಡೆ. ಗೌರಮ್ಮನವರು ತುತ್ತನ್ನು ಮೂಗಿನ ಹತ್ತಿರ ತಂದು ಕೆಳಗಿಟ್ಟರು.

"ಮೇಷ್ಟ್ರೇ, ಇದ್ರಾಗೆ ಹೊಳೆ ವಾಸನೆ ಐತೆ."

ಪಿಯದಾಸರನ್ನು ಕೇಳಿದೆ. ಅವರು ನಿಜಕ್ಕೂ ಆಶ್ಚರ್ಯಪಟ್ಟರು. ಮೀನೇನೂ ಇಲ್ಲ, ಬರೀ ರುಚಿಗೆ ಸ್ವಲ್ಪ ಒಣಮೀನಿನ ಪುಡಿ, ಅದನ್ನು ನಾವು ಮೀನೆಂದು ಎಣಿಸುವುದೇ ಇಲ್ಲ ಎಂದರು. ನಾನು ತಟ್ಟೆ ನೋಡಿದೆ. ಅರ್ಧ ಖಾಲಿಯಾಗಿತ್ತು. ಗೌರಮ್ಮನವರಿಗೆ, ಏನೋ ಮಸಾಲೆಯಂತೆ, ನಿಮಗೆ ಹಿಡಿಸದಿದ್ದರೆ ಬಿಡಿ ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಎದ್ದುಹೋಗಿ ರೊಟ್ಟಿಯ ಗಂಟು ಬಿಚ್ಚಿದರು. ಅವತ್ತಿನಿಂದ ನಾಗರತ್ನನ ಊಟವೂ ಆ ಗಂಟಿನಿಂದಲೇ ನಡೆಯಿತು.

ಅದು ಅವರ ವೆಸಾಕ್ ಹಬ್ಬದ ವಾರ. ನಮ್ಮ ಬುದ್ಧ ಪೂರ್ಣಿಮೆ. ಓಣಿಯ ಹುಡುಗ ಹುಡುಗಿಯರು ಬಿದಿರುಕಡ್ಡಿ ಕಟ್ಟಿ, ತೆಳುಕಾಗದ ಅಂಟಿಸಿ ದೊಡ್ಡ ಗೂಡುದೀಪ ಮಾಡುತ್ತಿದ್ದರು. ಒಬ್ಬರು ಕಡ್ಡಿ ಸೀಳುವುದು, ಒಬ್ಬರು ಅಂಟು ಕುದಿಸುವುದು, ಚಿಕ್ಕವರು ಕಾಗದದ ಬಾಲ ಕತ್ತರಿಸುವುದು. ಸಂಜೆ ಅದನ್ನು ಹಗ್ಗಕ್ಕೆ ಏರಿಸಿದಾಗ ನಾನು, ಚೆನ್ನಾಗಿದೆ, ಇದನ್ನು ಮಾಡಿದ್ದು ಯಾರು ಎಂದು ಪಿಯದಾಸರನ್ನು ಕೇಳಿದೆ.

"ಈ ಓಣಿ," ಎಂದರು.

ಓಣಿ ಸರಿ, ಯಾವ ಹುಡುಗ ಎಂದೆ. ಅವರಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. ನಾನೂ ಅದನ್ನು ಬೆಳೆಸಲಿಲ್ಲ.

ಕ್ಯಾಂಡಿ, ಪ್ರದರ್ಶನದ ಹಾಲ್

ಒಂದು ಶಾಲೆಯ ಉದ್ದನೆಯ ಹಾಲಿನಲ್ಲಿ ಪ್ರದರ್ಶನ. ಬರ್ಮಾ, ಮಲಯ, ಪಾಕಿಸ್ತಾನ, ಅವರದೇ ಊರುಗಳು, ನಮ್ಮ ದೇಶದ ಬೇರೆ ಬೇರೆ ಭಾಗಗಳು. ಮಕ್ಕಳು ಎಲ್ಲ ಕಡೆಯೂ ಮನೆಗೆ ಒಂದು ಬಾಗಿಲು ಎರಡು ಕಿಟಕಿಯನ್ನೇ ಬರೆಯುತ್ತಾರೆ. ತಮ್ಮ ಊರಿನಲ್ಲಿ ಬೆಟ್ಟ ಇರಲಿ ಬಿಡಲಿ, ಹಿಂದೆ ಎರಡು ಬೆಟ್ಟ ನಿಲ್ಲಿಸುತ್ತಾರೆ. ಅವುಗಳ ನಡುವೆ ನಮ್ಮ ಭಟ್ಟಿ ಇತ್ತು. ಒಳ್ಳೆಯ ಚೌಕಟ್ಟು ಹಾಕಿಸಿದ್ದರು. ಕೆಳಗೆ ಚೀಟಿಯಲ್ಲಿ ನಾಗರತ್ನ, ದಾವಣಗೆರೆ ಎಂದು ಅಚ್ಚಾಗಿತ್ತು. ನಮ್ಮೂರ ಹೆಸರನ್ನು ಆ ದೂರದಲ್ಲಿ ಓದಿದಾಗ ನನಗೆ ಎದೆ ಉಬ್ಬಿತು. ಆ ಚೀಟಿಯಲ್ಲಿ ಏನಿಲ್ಲ ಎಂಬುದನ್ನು ಆಗ ಓದಲಿಲ್ಲ.

ಚಿತ್ರದ ಮುಂದೆ ಜನ ನಿಲ್ಲುತ್ತಿದ್ದರು. ಹೆಂಗಸರನ್ನೋ ಹೊಗೆಯನ್ನೋ ನೋಡಿ ಅಲ್ಲ, ಒಲೆಯ ಬಾಯಿ ನೋಡಿ. ಮೊದಲ ದಿನವೇ ಪ್ರದರ್ಶನದ ಮುಖ್ಯಸ್ಥೆ, ನಿವೃತ್ತ ಹೆಡ್ ಮಿಸ್ಟ್ರೆಸ್, ಬಿಳಿ ಸೀರೆಯ ಎತ್ತರದ ಹೆಂಗಸು, ಕನ್ನಡಕ ತೆಗೆದು ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿದರು.

"ಬೆಂಕಿ ಎಂದರೆ ಎಲ್ಲ ಮಕ್ಕಳೂ ಹಳದಿ ಜ್ವಾಲೆ ಬರೆಯುತ್ತಾರೆ. ಇದು ಉರಿಯುತ್ತಿಲ್ಲ, ಉಸಿರಾಡುತ್ತಿದೆ. ಈ ಮಗು ಈ ಒಲೆಯ ಮುಂದೆ ಬಹಳ ದಿನ ಕೂತಿರಬೇಕು. ಕೇಳಿ ಅವಳನ್ನು," ಎಂದರು.

ನಾನು ನಾಗರತ್ನನನ್ನು ಕೇಳಿದೆ.

"ನಾ ಅಲ್ರಿ, ಮಾಬುಬಿ. ಒಲೆ ಅವರದು, ಬೆಂಕಿನೂ ಅವಳೇ ಹಾಕಿದ್ದು. ಹೇಳ್ರಿ ಅವರಿಗೆ," ಎಂದಳು.

ನಾನು ಇಂಗ್ಲಿಷಿನಲ್ಲಿ, ಹೌದು, ಅವಳಿಗೆ ಅದು ಚಿಕ್ಕಂದಿನಿಂದ ಪರಿಚಯ, ಹೇಳಿಕೊಳ್ಳಲು ನಾಚಿಕೆ ಎಂದೆ. ಆ ತಾಯಿ ಸಂತೋಷದಿಂದ ಹುಡುಗಿಯ ತಲೆ ಸವರಿದರು. ತನ್ನ ಮಾತನ್ನು ಮೇಷ್ಟ್ರು ತಲುಪಿಸಿದರೆಂದು ನಾಗರತ್ನ ನಂಬಿ ನಕ್ಕಳು. ಆ ನಗು ನನಗೆ ಇವತ್ತಿಗೂ ನಾಚಿಕೆ ತರುತ್ತದೆ.

ಕ್ಯಾಂಡಿ, ಮೂರನೆಯ ದಿನ

ಅಂದು ಮಕ್ಕಳೆಲ್ಲ ಕೂತು, ಈ ಪ್ರಯಾಣದಲ್ಲಿ ಕಂಡದ್ದೊಂದನ್ನು ಬರೆಯಬೇಕಿತ್ತು. ಬಹುಮಾನಕ್ಕೆ ನಿಂತ ಚಿತ್ರಗಳು, ನಮ್ಮದೂ ಸೇರಿ, ಆಯಾ ಮಕ್ಕಳ ಸ್ವಂತ ಕೈಕೆಲಸವೇ ಎಂದು ಖಾತ್ರಿಪಡಿಸಿಕೊಳ್ಳುವುದೂ ಇದರಿಂದಲೇ ಆಗುತ್ತದೆಂದು ಪಿಯದಾಸರು ಹೇಳಿದರು. ಒಂದೊಂದು ಮಗುವಿನ ಮುಂದೆ ಒಂದೊಂದು ಹೊಸ ಪೆಟ್ಟಿಗೆ, ಹನ್ನೆರಡು ಬಣ್ಣ. ಅಷ್ಟು ಪೆಟ್ಟಿಗೆಗಳನ್ನು ಒಟ್ಟಿಗೆ ನಾನು ಅಂಗಡಿಯಲ್ಲಿಯೂ ನೋಡಿರಲಿಲ್ಲ.

ನಾಗರತ್ನ ಕಪ್ಪು ಬಣ್ಣದಲ್ಲಿ ಕುಂಚ ಅದ್ದಿದಳು. ಹಡಗು ಬರೆದಳು, ಅಲೆ ಬರೆದಳು, ಸಮುದ್ರಕ್ಕೆ ಬೆನ್ನು ಹಾಕಿ ಕೂತ ದೊಡ್ಡಮ್ಮನನ್ನು ಬರೆದಳು. ಅಲೆಯ ಮೇಲೆ ಅರ್ಧ ಮುಳುಗಿದ ಸೂರ್ಯನನ್ನು ಬರೆದಳು. ಗೆರೆಗಳು ಚೆನ್ನಾಗಿದ್ದವು. ಆಮೇಲೆ ಕುಂಚ ತೊಳೆದಿಟ್ಟು, ಹಾಳೆಯನ್ನು ಪಕ್ಕದ ಹುಡುಗಿಯ ಕಡೆ ಸರಿಸಿದಳು.

ಮುಂದೆ ಹನ್ನೊಂದು ಬಣ್ಣ ಇದ್ದವು. ಅವು ಯಾವುವೂ ತನ್ನವೆಂದು ಅವಳಿಗೆ ಅನ್ನಿಸಿರಲಿಲ್ಲ. ವರ್ಷವಿಡೀ ನಾನೇ ಕಲಿಸಿದ ಪಾಠ ಅದು.

ಪಕ್ಕದ ಸಿಂಹಳದ ಹುಡುಗಿ ಹಾಳೆ ನೋಡಿದಳು, ನಾಗರತ್ನನನ್ನು ನೋಡಿದಳು. ನಾಗರತ್ನ ಅಲೆ ತೋರಿಸಿದಳು. ಆ ಹುಡುಗಿ ತನ್ನ ಕುಂಚದಲ್ಲಿದ್ದ ನೀಲಿಯನ್ನು ಅಲೆಗೆ ಹಾಕಿದಳು. ಅದರಾಚೆಯ ಹುಡುಗ ಹಡಗಿಗೆ ಕಂದು ಬಳಿದ. ಇನ್ನೊಬ್ಬ ದೊಡ್ಡಮ್ಮನ ಸೀರೆಗೆ ಹಸಿರು ಕೊಟ್ಟ. ಯಾರಿಗೂ ಯಾರ ಮಾತೂ ಬರುತ್ತಿರಲಿಲ್ಲ, ಕೆಲಸ ಸರಾಗವಾಗಿ ಸಾಗಿತು. ಕೊನೆಗೊಬ್ಬ ಹುಡುಗ ಕೆಂಪು ಅದ್ದಿಕೊಂಡು ಸೂರ್ಯನ ಕಡೆ ಕೈಚಾಚಿದ. ನಾಗರತ್ನ ಸೂರ್ಯನ ಮೇಲೆ ಅಂಗೈ ಮುಚ್ಚಿದಳು.

"ಬ್ಯಾಡ. ಇದು ಮಾಬುಬಿದು."

ಮುಖ್ಯಸ್ಥೆ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಹುಡುಗಿ ಏನು ಹೇಳುತ್ತಿದ್ದಾಳೆ ಎಂದು ಕೇಳಿದರು.

ಈ ಸಲವೂ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಬಾಯಿಗೆ ಬಂದೂ ಇತ್ತು. ಆದರೆ ನಾಗರತ್ನ ಅಂಗೈ ಎತ್ತದೆ, ಈಗಲಾದರೂ ಸರಿಯಾಗಿ ಹೇಳ್ರಿ ಎಂಬಂತೆ ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಿದೆ. ಒಂದು ಪೆಟ್ಟಿಗೆ, ಹನ್ನೆರಡು ಬಿಲ್ಲೆ, ಭಟ್ಟಿಯ ಹುಡುಗಿ, ಅರ್ಜಿಯ ಒಂದು ಗೆರೆ, ಮೊದಲ ದಿನ ನಾನು ಮಾಡಿದ ಅನುವಾದ, ಎಲ್ಲವನ್ನೂ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ವಾಸಿಯಿತ್ತು.

"ನಾಲ್ಕು ಮಕ್ಕಳು ಬರೆದದ್ದು ತಪ್ಪಲ್ಲ. ನೀವು ನಾಲ್ಕು ಹೆಸರು ಬರೆದಿದ್ದರೆ ನಾವು ನಿಯಮವನ್ನೇ ತಿದ್ದುತ್ತಿದ್ದೆವೇನೋ. ಈಗ ಚೀಟಿಯಲ್ಲಿ ಇರುವುದು ಸುಳ್ಳು. ಸುಳ್ಳು ಚೀಟಿಯ ಚಿತ್ರವನ್ನು ನಾನು ಹತ್ತು ಊರಿಗೆ ಕಳಿಸಲಾರೆ," ಎಂದರು.

ಮಧ್ಯಾಹ್ನ ಪಿಯದಾಸರೇ ಸ್ಟೂಲ್ ಹತ್ತಿ ಭಟ್ಟಿಯನ್ನು ಗೋಡೆಯಿಂದ ಇಳಿಸಿದರು. ಚೌಕಟ್ಟು ಬಿಚ್ಚಿ, ಹಾಳೆಯನ್ನು ಹಡಗಿನ ಚಿತ್ರದ ಜೊತೆ ಸುರುಳಿ ಸುತ್ತಿ ನನ್ನ ಕೈಗಿಟ್ಟರು. ಗೋಡೆಯಲ್ಲಿ ಮೊಳೆ ಉಳಿಯಿತು. ನಾಗರತ್ನ ಅದನ್ನೇ ನೋಡುತ್ತ, "ನಾ ಬಣ್ಣ ಹಾಕಿಬಿಟ್ಟಿದ್ರೆ ಇಳಿಸ್ತಿರಲಿಲ್ಲೇನ್ರಿ?" ಎಂದಳು.

"ಇಳಿಸ್ತಿರಲಿಲ್ಲ."

"ತಪ್ಪು ನಂದಾ ಹಂಗಾದ್ರೆ?"

"ನಂದು," ಎಂದೆ. ಮೇಷ್ಟ್ರಾದ ಮೇಲೆ ಮಕ್ಕಳೆದುರು ಆ ಮಾತು ಆಡಿದ್ದು ಅದೇ ಮೊದಲು.

ವಾಪಸು

ಹಿಂತಿರುಗುವಾಗ ಹಡಗು ಸರಿಯಾದ ಹೊತ್ತಿಗೆ ಹೊರಟಿತು. ಬಿಸಿಲಿತ್ತು, ಸೂರ್ಯ ನೆತ್ತಿಯ ಮೇಲಿದ್ದ, ನೋಡಲು ಏನೂ ಇರಲಿಲ್ಲ. ಗೌರಮ್ಮನವರಿಗೆ ನಡೆದದ್ದನ್ನೆಲ್ಲ ನಾಗರತ್ನ ಹೇಳಿದ್ದಳು. ರೈಲಿನಲ್ಲಿ, ನಮ್ಮ ಸೀಮೆಯ ಕಪ್ಪು ಹೊಲಗಳು ಕಂಡ ಮೇಲೆ ಅವರು ಮಾತೆತ್ತಿದರು.

"ಮೇಷ್ಟ್ರೇ, ಒಂದು ಕೇಳ್ತೀನಿ. ಆ ಚಟ್ನ್ಯಾಗೆ ಏನಿತ್ತು ಅಂತ ಅವತ್ತು ನಿಮಗೆ ಗೊತ್ತಿತ್ತಲ್ಲ?"

"ಗೊತ್ತಿತ್ರಿ."

"ನನಗೂ ಗೊತ್ತಿತ್ತು ಬಿಡ್ರಿ. ಮುಚ್ಚಿಟ್ಟಿದ್ದನ್ನ ಮೂಸಿ ತಿಳ್ಕೊಳ್ಳಾಕೆ ಮಾಬುಬಿಗೆ ನನ್ನ ಮೂಗಿಲ್ಲ, ಸಣ್ಣ ಹುಡುಗಿ. ಆಕೆಗೆ ನೀವೇ ಹೇಳಬೇಕು."

ನಾನೂ ನಾಗರತ್ನನೂ ದಾವಣಗೆರೆಯಲ್ಲಿ ಇಳಿದೆವು. ಅವರು ಖಾಲಿ ಗಂಟುಗಳ ಜೊತೆ ಅದೇ ರೈಲಿನಲ್ಲಿ ಹರಿಹರಕ್ಕೆ ಹೋದರು.

ದಾವಣಗೆರೆ, ಭಟ್ಟಿಯ ಮುಂದೆ

ಮರುದಿನ ಬೆಳಿಗ್ಗೆ ಭಟ್ಟಿಗೆ ಹೋದೆ. ಅಷ್ಟು ವರ್ಷ ಆ ಬೀದಿಯಲ್ಲಿ ಮಂಡಕ್ಕಿ ಕೊಂಡಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. ಮಾಬುಬಿಯ ತಾಯಿ ಜರಡಿ ಕೆಳಗಿಟ್ಟು, "ಕೂಡ್ರಿ ಮೇಷ್ಟ್ರೇ," ಎಂದು ಚೀಲ ಹಾಸಿದರು. ಮಾಬುಬಿ ಒಲೆಗೆ ಹೊಟ್ಟು ಹಾಕುತ್ತಿದ್ದಳು.

"ಹೆಂಗೆ ಕಾಣ್ತಿತ್ರಿ ನಮ್ಮ ಬೆಂಕಿ?"

ಚೆನ್ನಾಗಿ ಕಾಣುತ್ತಿತ್ತು, ಜನ ಅದನ್ನೇ ನಿಂತು ನೋಡಿದರು ಎಂದೆ. ಆಮೇಲೆ ಉಳಿದದ್ದನ್ನು ಹೇಳಿದೆ. ಅವಳ ಹೆಸರನ್ನು ನಾನು ಬರೆಯಲಿಲ್ಲ ಎಂದೂ, ಅಲ್ಲಿ ಕೇಳಿದಾಗ ಮುಚ್ಚಿಟ್ಟೆ ಎಂದೂ, ಚಿತ್ರ ಇಳಿಸಿದರು ಎಂದೂ ಹೇಳಿದೆ. ತಾಯಿ ಜರಡಿ ಎತ್ತಿಕೊಂಡು ಮತ್ತೆ ಕೆಲಸ ಶುರುಮಾಡಿದರು. ಮಾಬುಬಿ ಕೈಯಲ್ಲಿದ್ದ ಹೊಟ್ಟನ್ನು ಒಲೆಗೆ ಹಾಕಿದಳು.

ನಾನು ಹಡಗಿನ ಚಿತ್ರ ಬಿಚ್ಚಿ ಹಾಸಿದೆ. ಸೂರ್ಯನನ್ನು ನಾಗರತ್ನ ಅವಳಿಗೆಂದೇ ಬಿಟ್ಟಿದ್ದಾಳೆ, ಬೇರೆಯವರಿಗೆ ಮುಟ್ಟಗೊಡಲಿಲ್ಲ ಎಂದೆ. ಅವಳ ಮುಖ ಆಗ ಅರಳಿತು. ಒಳಗೆ ಓಡಿಹೋಗಿ ಕೆಂಪು ಬಿಲ್ಲೆ ತಂದಳು. ಸವೆದು ನಾಣ್ಯದಷ್ಟು ತೆಳ್ಳಗಾಗಿತ್ತು. ಕುಂಚ ನೆನೆಸಿ, ಹಾಳೆಯ ಮುಂದೆ ಕೂತಳು.

"ಹೆಂಗಿತ್ರಿ ಸೂರ್ಯ?"

"ಕೆಂಪಗಿತ್ತು. ನಿಮ್ಮ ಒಲೆ ಇದ್ದಂಗೆ."

"ಹೊಟ್ಟು ಹಾಕೋಕ್ಕೆ ಮೊದಲು ಇರ್ತೈತಲ್ಲ ಹಂಗೋ, ಹಾಕಿದ ಮ್ಯಾಲೆ ಇರ್ತೈತಲ್ಲ ಹಂಗೋ?"

ನಾನು ಒಲೆ ನೋಡಿದೆ. ನೆನಪು ಮಾಡಿಕೊಂಡೆ. ಮೊದಲಿನ ಕೆಂಪೂ ಆಮೇಲಿನ ಕೆಂಪೂ ನನಗೆ ಒಂದೇ ಥರ ಕಂಡವು.

ಅವಳು ಕುಂಚವನ್ನು ಲಂಗಕ್ಕೆ ಒರೆಸಿದಳು.

"ನಾ ನೋಡಿಲ್ಲಲ್ರಿ ಮೇಷ್ಟ್ರೇ. ನೋಡ್ದೇ ಇದ್ದಿದ್ದಕ್ಕೆ ಹೆಂಗೆ ಹಚ್ಲಿ?"

ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕ ಬರದಿದ್ದಾಗ ಬರುವುದಿಲ್ಲ ಎನ್ನುವ ಹಾಗೆ ಹೇಳಿದಳು. ಹಾಳೆಯನ್ನು ನನ್ನ ಕಡೆ ಸರಿಸಿ, ಒಲೆಗೆ ಇನ್ನೊಂದು ಹಿಡಿ ಹೊಟ್ಟು ಹಾಕಿದಳು.

ಎರಡು ಚಿತ್ರಗಳೂ ನಮ್ಮ ಶಾಲೆಯ ಗೋಡೆಯಲ್ಲಿವೆ. ಭಟ್ಟಿಯ ಕೆಳಗೆ ನಾಲ್ಕು ಹೆಸರು ಬರೆದಿದ್ದೇನೆ, ಹಡಗಿನ ಕೆಳಗೆ ನಾಗರತ್ನನ ಜೊತೆ ಕ್ಯಾಂಡಿಯಲ್ಲಿ ಬಣ್ಣ ಹಾಕಿದ ಮಕ್ಕಳ ಹೆಸರೂ ಇವೆ. ಅದನ್ನು ನೋಡಿದವರೆಲ್ಲ ಸೂರ್ಯ ಯಾಕೆ ಬೆಳ್ಳಗಿದ್ದಾನೆ ಎಂದು ಕೇಳುತ್ತಾರೆ. ಬಣ್ಣ ಹಾಕಬೇಕಾದವಳನ್ನು ನಾನು ಕರೆದುಕೊಂಡು ಹೋಗಲಿಲ್ಲ ಎನ್ನುತ್ತೇನೆ.